ಟ್ರ್ಯಾಕ್ಟರಿನಲ್ಲಿ ಸತ್ತ ಅಜ್ಜಿಯರು

ನಮ್ಮ ಕ್ಲಾಸಿನ ಹುಡುಗರ ಅಜ್ಜಿಯರೆಲ್ಲ ಟ್ರ್ಯಾಕ್ಟರಿನಲ್ಲೇ ಸಾಯುತ್ತಿದ್ದರು. ಮಳೆ ಸುರಿಯುತ್ತಿರಬೇಕು, ಹಳ್ಳ ತುಂಬಿರಬೇಕು, ಆಸ್ಪತ್ರೆ ದೂರವಿರಬೇಕು, ಅಜ್ಜಿಯ ತಲೆ ಮೊಮ್ಮಗನ ತೊಡೆಯ ಮೇಲಿರಬೇಕು. ಕೊನೆಯುಸಿರಿನಲ್ಲಿ ಆಕೆ "ಮಂದಿ ಸೇವಾ ಮಾಡಪಾ ತಮ್ಮಾ" ಎನ್ನಲೇಬೇಕು. ಹಾಸಿಗೆಯ ಮೇಲೆ ಸುಮ್ಮನೆ ಸತ್ತ ಅಜ್ಜಿಗೆ ನಮ್ಮಲ್ಲಿ ಕಿಮ್ಮತ್ತಿರಲಿಲ್ಲ. ಬದುಕಿರುವ ಅಜ್ಜಿಯನ್ನಂತೂ ಯಾರೂ ಕೇಳುತ್ತಿರಲಿಲ್ಲ.

ಶಹಾಪುರದ ಒಂದು ಹಳೆಯ ಮನೆಯ ಮಹಡಿಯ ಮೇಲಿತ್ತು ನಮ್ಮ ಕ್ಲಾಸು. ಬಿ.ಎಸ್‌ಸಿ. ಕೊನೆಯ ವರ್ಷದವರನ್ನು ಆರೋಗ್ಯ ವಿದ್ಯೆಯ ದೊಡ್ಡ ಸಂಸ್ಥೆಗಳಿಗೆ ತಯಾರು ಮಾಡುವುದು ಅದರ ದಂಧೆ. ಡಾಕ್ಟರಿಕೆ ಕೈತಪ್ಪಿದವರು, ಆದರೂ ಆಸ್ಪತ್ರೆಯ ಬಾಗಿಲು ಬಿಡಲೊಲ್ಲದವರು, ಸಾರ್ವಜನಿಕ ಆರೋಗ್ಯ ಓದುತ್ತೇವೆಂದು ಅಲ್ಲಿಗೆ ಬರುತ್ತಿದ್ದರು. ಲಿಖಿತ ಪರೀಕ್ಷೆಯ ಪಾಠಕ್ಕೆ ಬೇರೆಯವರಿದ್ದರು. ನನ್ನದು ಸಂದರ್ಶನ ವಿಭಾಗ. ವಿಭಾಗವೆಂದರೆ ಒಂದು ಮೇಜು, ಮೂರು ಖುರ್ಚಿ, ನಾನು. ಮೂರೂ ಖುರ್ಚಿಗಳಲ್ಲಿ ನಾನೇ ಕೂರುತ್ತಿದ್ದೆ.

ಎಡಗಡೆ ಕೂತರೆ ನಾನು ಬೆಂಗಳೂರಿನ ಸಾಹೇಬ: "ಸೋ, ನಿಮ್ ಬಗ್ಗೆ ಸ್ವಲ್ಪ ಹೇಳಿ ನೋಡೋಣ." ನಡುವಿನ ಖುರ್ಚಿಯಲ್ಲಿ ಧಾರವಾಡದ ಮೇಡಂ, ಚಾಳೀಸಿನ ಮೇಲಿಂದ ನೋಡುತ್ತಾ: "ಹ್ಞಾಂ, ಮುಂದ?" ಬಲಗಡೆಯವನು ನಿದ್ದೆ ಮಾಡುತ್ತಿರುತ್ತಾನೆ. ಫಕ್ಕನೆ ಎದ್ದು ಎದೆ ಒಡೆಯುವಂಥ ಪ್ರಶ್ನೆ ಒಗೆದು ಮತ್ತೆ ಮಲಗುತ್ತಾನೆ. ಹುಡುಗರಿಗೆ ಅವನದೇ ಹೆದರಿಕೆ.

ಈ ವಿದ್ಯೆ ನನಗೆ ಎಲ್ಲಿಂದ ಬಂತೆಂದರೆ, ನಮ್ಮದು ಮಗ್ಗದ ಓಣಿ. ನಾನು ಮೊದಲು ಅಣಕಿಸಿದ್ದು ಪವರ್‌ಲೂಮನ್ನು. ಆಮೇಲೆ ಅಪ್ಪನನ್ನು, ಮಾಸ್ತರರನ್ನು, ಸತ್ತವರ ಮನೆಗೆ ಬಂದು ಅಳುವ ನೆಂಟರನ್ನು. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನೆಲಕಚ್ಚಿದ ಮೇಲೆ ಡಾಕ್ಟರರನ್ನೂ ಅಣಕಿಸತೊಡಗಿದೆ. "ಡಾಕ್ಟರ ದನಿ ಬಂತು, ಡಾಕ್ಟರ ಬರಲಿಲ್ಲ," ಎಂದು ನಮ್ಮವ್ವ ಈಗಲೂ ಬಂದವರಿಗೆಲ್ಲ ಹೇಳುತ್ತಾಳೆ.

ಕ್ಲಾಸಿನ ಒಡೆಯರನ್ನು ನಾವೆಲ್ಲ ಸರ್ ಎನ್ನುತ್ತಿದ್ದೆವು. ಅಜ್ಜಿಯನ್ನು ಟ್ರ್ಯಾಕ್ಟರಿಗೆ ಹತ್ತಿಸಿದವರು ಅವರೇ. ಹಿಂದೊಮ್ಮೆ ಒಬ್ಬ ಹುಡುಗ ನಿಜವಾಗಿ ಅಜ್ಜಿಯನ್ನು ಕಳೆದುಕೊಂಡಿದ್ದ. ಸಂದರ್ಶನದಲ್ಲಿ ಅದನ್ನು ಹೇಳುತ್ತಾ ಅತ್ತ, ಸೀಟು ಸಿಕ್ಕಿತು. ಆ ಅಳುವಿನಲ್ಲಿ ಸರ್‌ಗೆ ಸಾವು ಕಾಣಲಿಲ್ಲ, ಸೀಟು ಕಂಡಿತು. ಅಲ್ಲಿಂದ ಮುಂದೆ ಪ್ರತಿ ಬ್ಯಾಚಿಗೂ ಅದೇ ಅಜ್ಜಿ, ಅದೇ ಮಳೆ. ಒಂದು ಊರಿನಲ್ಲಿ ಇಷ್ಟು ಮುದುಕಿಯರು ಒಂದೇ ರೀತಿ ಸತ್ತರೆ ಸರ್ಕಾರವೇ ತನಿಖೆಗೆ ಬರಬೇಕಿತ್ತು. ಸಾರ್ವಜನಿಕ ಆರೋಗ್ಯ ಓದುವ ಮಕ್ಕಳಿಗೂ ಅದು ಹೊಳೆಯಲಿಲ್ಲ.

ನಾನು ನಗುತ್ತಾ ಹೇಳುತ್ತಿದ್ದೇನೆಂದು ತಿಳಿಯಬೇಡಿ. ನನ್ನ ಮುಖವೇ ಹಾಗಿದೆ. ಒಳಗೆ ಬೆಂಕಿ ಬಿದ್ದಾಗಲೂ ಹಲ್ಲು ಕಾಣುತ್ತವೆ.

ಬೆಂಕಿ ಬಿದ್ದದ್ದು ನಂದಗಡದ ಹುಡುಗಿ ಬಂದ ಮೇಲೆ. ಖಾನಾಪುರದ ಬಸ್ಸಿನಲ್ಲಿ ನಿಂತುಕೊಂಡೇ ಬೆಳಗಾವಿಯ ಕಾಲೇಜಿಗೆ ಬರುತ್ತಿದ್ದಳು, ಕಾಲೇಜು ಮುಗಿಸಿ ನಮ್ಮಲ್ಲಿಗೆ. ಅಜ್ಜನ ಕಾಲಕ್ಕೆ ಅವರದು ಕುರಿ ಕಾಯುವ ಮನೆತನ. ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತಿದ್ದ. ಅದೇ ಫೌಂಡ್ರಿಯ ಸ್ಟೋರಿನಲ್ಲಿ ಮಗಳಿಗೊಂದು ಕೆಲಸ ಗೊತ್ತುಮಾಡಿಟ್ಟಿದ್ದ. ಈ ಸಲ ಸೀಟು ಸಿಕ್ಕರೆ ಓದು, ಸಿಗದಿದ್ದರೆ ಸ್ಟೋರು. ಅವನು ಕೆಟ್ಟವನೇನಲ್ಲ, ಕಾಯ್ದಿಟ್ಟ ಕೆಲಸ ಬಹಳ ದಿನ ಕಾಯುವುದಿಲ್ಲವೆಂದು ಗೊತ್ತಿದ್ದವನು. ಆ ಸೀಟು ಯಾಕೆ ಬೇಕೆಂದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ನಮ್ಮ ಮಹಡಿಯ ಮೇಲೆ ಅದು ಗೊತ್ತಿದ್ದವಳು ಅವಳೊಬ್ಬಳೇ.

ಅವಳ ಸರದಿ ಬಂದಾಗ ನಾನು ಬೆಂಗಳೂರಿನ ಖುರ್ಚಿಯಲ್ಲಿದ್ದೆ. "ಸೋ, ಈ ಫೀಲ್ಡೇ ಯಾಕೆ?"

"ನಮ್ಮ ಆಯಿನ್ನ ಖಾನಾಪುರ ದವಾಖಾನಿಗೆ ಕರಕೊಂಡ ಹೋಗ್ತೀನ್ರಿ, ಬಿ.ಪಿ. ಗುಳಿಗಿ ತರಾಕ," ಎಂದಳು. ಅವರ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. "ಅಲ್ಲಿ ಕಾಡಿನ ಕಡಿ ಹಳ್ಳ್ಯಾಗಿಂದ ಹೆಣ್ಮಕ್ಕಳು ಬಂದಿರ್ತಾರ. ಅವರಿಗೆ ಮರಾಠಿ ಬಿಟ್ಟ ಬ್ಯಾರೆ ಬರೂದಿಲ್ಲ. ಡಾಕ್ಟರು ದಕ್ಷಿಣದ ಕಡಿಯವರು, ಅವರಿಗೆ ಮರಾಠಿ ಬರೂದಿಲ್ಲ. ಒಂದಿನ ನಮ್ಮ ಆಯಿ ಪಾಳಿಯೊಳಗ ನಿಂತು, 'ನಮ್ಮ ಹುಡುಗಿಗೆ ಎರಡೂ ಬರ್ತಾವ, ಈಕಿನ್ನ ಕರೀರಿ' ಅಂತ ಒದರಿಬಿಟ್ಲು. ಅವತ್ತಿಂದ ನಡುವ ನಾನ ನಿಂದರ್ತೀನಿ."

ನಾನು ನಡುವಿನ ಖುರ್ಚಿಗೆ ಜಿಗಿದು ಮೇಡಂ ಆದೆ. "ಅದರಾಗೇನೈತಿ? ಈ ಕಡಿ ಮಾತು ಆ ಕಡಿ ಹಾಕೂದು. ಪೋಸ್ಟಮನ್ ಕೆಲಸಾ."

"ಅಲ್ರಿ ಮ್ಯಾಡಮ್ಮರ," ಎಂದಳು, ನನ್ನ ಮೀಸೆ ನೋಡಿಯೂ ನಗದೆ. "ಡಾಕ್ಟರು ಏನ ಕೇಳಿದರೂ ಅವರು 'ಹೋ', ಅಂದ್ರ ಹೌದು, ಅಂತಾರ್ರಿ. ಜ್ವರ ಐತೇನು? ಹೋ. ಗುಳಿಗಿ ನುಂಗಿದ್ಯೇನು? ಹೋ. ದೊಡ್ಡವರು ಕೇಳಿದಾಗ ಇಲ್ಲ ಅನಬಾರದು, ಅದು ಅವರ ಮರ್ಯಾದಿ. ಬರೇ ಮಾತು ಬದಲಿ ಮಾಡಿದರ ಎಲ್ಲಾ 'ಹೌದು' ಅಂತನ ಬರೀತಾರ. ಖರೇ ಹೊರಗ ಬರಬೇಕಂದ್ರ ಮೊದಲ ಎಮ್ಮಿ ಕೇಳಬೇಕ್ರಿ."

"ಎಮ್ಮಿ?"

"ಎಮ್ಮಿ ಹಿಂಡವರು ಯಾರು ಅಂತ ಕೇಳಬೇಕು. 'ಈಗ ಸೊಸಿ ಹಿಂಡ್ತಾಳವಾ, ನನಗ ಬಗ್ಗಿದರ ಕಣ್ಣಿಗೆ ಕತ್ತಲಿ ಬರ್ತೈತಿ' ಅಂತಾರ. ಆ ಕತ್ತಲಿ ಡಾಕ್ಟರಿಗೆ ಹೇಳಬೇಕು. ಹಿಂಗ ಕೇಳೂದು ಒಂದ ಓದಂತ, ಅದಕ್ಕ ಒಂದ ಸಾಲಿ ಐತಂತ. ಆ ಸಾಲಿಗೆ ಹೋಗಬೇಕ್ರಿ ನಾನು."

ಬಲಗಡೆಯ ನಿದ್ದೆಗಾರನಿಗೆ ಏಳುವ ನೆನಪೇ ಆಗಲಿಲ್ಲ. ಕೆಳಗಿನ ಓಣಿಯಲ್ಲಿ ಮಗ್ಗ ಖಟಖಟ ಎನ್ನುತ್ತಿತ್ತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರ್ ಒಳಗೆ ಬಂದರು. "ಬ್ಯಾಡ, ಬ್ಯಾಡ, ಬ್ಯಾಡ. ಗಡಿ ಊರು ನಮ್ದು. ಭಾಷಾ ತಗದಿ ಅಂದ್ರ ಬೆಂಕಿ. ಸರಕಾರಿ ದವಾಖಾನಿ ತಗದಿ ಅಂದ್ರ ದೂರು. ಎಮ್ಮಿ ತಗದಿ ಅಂದ್ರ ನಗ್ತಾರ. ಅಜ್ಜಿ ಅದಾಳಲ್ಲ? ಅಜ್ಜಿ ಇಟ್ಕೋ. ಟ್ರ್ಯಾಕ್ಟರ್‌ನ್ಯಾಗ ಹಾಕು."

"ಸರ್, ನಮ್ಮ ಆಯಿ ಗಟ್ಟಿಮುಟ್ಟ ಅದಾಳ್ರಿ."

"ಮನಿಯೊಳಗ ನೂರು ವರ್ಷ ಇರಲಿ, ಯಾರು ಬ್ಯಾಡ ಅಂದಾರ? ಸಂದರ್ಶನದಾಗಷ್ಟ ತೀರ್ಕೊಳ್ಳಲಿ."

ಹುಡುಗರು ನಕ್ಕರು. ನಾನೂ ನಕ್ಕೆ, ನನ್ನ ಮುಖದ ಸಂಗತಿ ಹೇಳಿದೆನಲ್ಲ. ಅವಳು ಮಾತ್ರ, "ಆಕಿನ್ನ ಸಾಯಿಸಾಕ ನನಗ ಬರೂದಿಲ್ರಿ ಸರ್," ಎಂದಳು. ಆ ಸಂಜೆಯೇ ಸರ್ ಅವಳ ಅಪ್ಪನಿಗೆ ಫೋನು ಹಚ್ಚಿ, "ನಿಮ್ಮ ಮಗಳು ಮಾತ ಕೇಳೂದಿಲ್ಲ, ಸೀಟು ಹ್ವಾದರ ನನ್ನ ಅನಬ್ಯಾಡ್ರಿ," ಎಂದು ಕೈ ತೊಳೆದುಕೊಂಡರು. ಪಾಪದ ಮನುಷ್ಯ ಹೆದರಿ ಮಗಳಿಗೆ, "ಸರ್ ಹೇಳಿದಂಗ ಹೇಳವಾ, ಬಾಯಿ ಮಾತಿಗೆ ಯಾರೂ ಸಾಯೂದಿಲ್ಲ," ಎಂದನಂತೆ. ಮರುದಿನ ಜಿನೆಯ ಮೆಟ್ಟಿಲ ಮೇಲೆ ಸಿಕ್ಕಾಗ ಅವಳು ಇದನ್ನು ಹೇಳಿ, "ನಾ ನನ್ನದನ್ನ ಹೇಳಾಕಿ," ಎಂದು ಚೀಲ ಹೆಗಲಿಗೇರಿಸಿದಳು.

ಅವಳು ಹೇಳಿದ ಸಾಲೆ, ಅಂದರೆ ಆ ಸಂಸ್ಥೆ, ದಕ್ಷಿಣದ್ದು, ಆದರೆ ನಮ್ಮ ಭಾಗದವರಿಗಾಗಿ ಬೆಳಗಾವಿಯಲ್ಲೇ ಸಂದರ್ಶನ ಇಟ್ಟಿದ್ದರು. ಸರ್ ಎಲ್ಲರ ಅರ್ಜಿಗಳನ್ನೂ ಒಂದೇ ಗಂಟಿನಲ್ಲಿ ಕಳಿಸಿದ್ದರಿಂದ ನಮ್ಮವರನ್ನೆಲ್ಲ ಒಬ್ಬರ ಹಿಂದೆ ಒಬ್ಬರನ್ನು ಕರೆದರು. ನಂದಗಡದವಳದು ಗಂಟಿನ ಅಡಿಯಲ್ಲಿತ್ತು. ಹುಡುಗರ ಟೈ ಮತ್ತು ದುಃಖ ಎರಡೂ ಸರಿಯಾಗಿವೆಯೋ ಇಲ್ಲವೋ ನೋಡಿಕೊಳ್ಳಲು ಸರ್ ನನ್ನನ್ನು ಅಟ್ಟಿದ್ದರು.

ಅಪ್ಪನಿಗೆ ಮೊದಲ ಪಾಳಿ ಇದ್ದುದರಿಂದ ಹುಡುಗಿಯ ಸಂಗಡ ಆಯಿ ಬಂದಿದ್ದಳು. ಇಳಕಲ್ ಸೀರೆ, ಮಡಿಲಲ್ಲಿ ಎಲೆ ಅಡಿಕೆಯ ಚೀಲ. ಪಡಸಾಲೆಯ ಬೆಂಚಿನ ನಡುಮಧ್ಯೆ ಕೂತು, ಹೊರಗೆ ಬಂದವರನ್ನೆಲ್ಲ ವಿಚಾರಿಸತೊಡಗಿದಳು.

"ಏನ ಕೇಳಿದ್ರಪಾ ಒಳಗ?"

ಮೊದಲು ಹೊರಗೆ ಬಂದವನು ನಮ್ಮ ಓಣಿಯ ಹುಡುಗ. ಗೆದ್ದ ಮುಖ ಮಾಡಿಕೊಂಡು, "ನಮ್ಮಜ್ಜಿ ತೀರ್ಕೊಂಡಿದ್ದ ಹೇಳಿದೆ," ಎಂದ.

"ಅಯ್ಯ ಶಿವನ! ಹೆಂಗ ತೀರ್ಕೊಂಡ್ಲು ತಮ್ಮಾ?"

"ಟ್ರ್ಯಾಕ್ಟರ್‌ನ್ಯಾಗ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡನೆಯವನು ಬಂದ. ಅವನ ಅಜ್ಜಿಯೂ ಟ್ರ್ಯಾಕ್ಟರಿನಲ್ಲೇ. ಆಯಿ ಸೆರಗು ಅರ್ಧಕ್ಕೆ ಹಿಡಿದು ನಿಲ್ಲಿಸಿದಳು. ಮೂರನೆಯವನು ಬಾಯಿ ತೆರೆಯುವ ಮೊದಲೇ, "ನಿಮ್ದೂ ಟ್ರ್ಯಾಕ್ಟರ್ ಏನು? ಎಲ್ಲಾರದೂ ಒಂದ ಟ್ರ್ಯಾಕ್ಟರ್ರೋ, ಬ್ಯಾರೆ ಬ್ಯಾರೆನೋ? ಡ್ರೈವರ್ ಯಾರಪಾ ಆ ಸುಡುಗಾಡ ಗಾಡಿಗೆ?" ಎಂದಳು. ಹುಡುಗ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ನೋಡಿದೆ.

ಆಮೇಲೆ ನಂದಗಡದವಳನ್ನು ಕರೆದರು. ಹೋದವಳು ಹೋದಳೆನ್ನುವಷ್ಟರಲ್ಲಿ ಒಳಗಿನಿಂದ ನಗು ಕೇಳಿಸಿತು. ದೊಡ್ಡವರ ನಗು, ಹೊಟ್ಟೆಯಿಂದ ಬಂದದ್ದು. ಮತ್ತೊಮ್ಮೆ ನಗು. ಚಹಾ ಆರುವುದಕ್ಕೂ ಮೊದಲು ಅವಳು ಹೊರಗೆ ಬಂದಿದ್ದಳು.

"ಹೇಳಿದ್ಯೇನು?" ಎಂದೆ.

"ಹೇಳಾಕ ಬಿಡಲಿಲ್ಲ. 'ನಮ್ಮ ಆಯಿ' ಅಂದೆ, ಅಷ್ಟ. ನಡುವ ಕುಂತವರು ಕೈ ಎತ್ತಿದ್ರು. 'ಟ್ರ್ಯಾಕ್ಟರ್ ಅಲ್ವಾಮ್ಮಾ? ಗೊತ್ತಾಯ್ತು ಬಿಡು, ತುಂಬಾ ದುಃಖ' ಅಂದ್ರು. ಉಳಿದವರು ನಕ್ಕರು. 'ಇಲ್ರಿ ಸರ್, ನಮ್ಮ ಆಯಿ ಹೊರಗ ಕುಂತಾಳ' ಅಂದೆ. ಮತ್ತಿಷ್ಟ ನಕ್ಕರು. ಯಾವುದೋ ಎರಡ ವಿಟಮಿನ್ ಕೇಳಿ ಕಳಿಸಿಬಿಟ್ರು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದದ್ದು ಆಯಿ.

"ಯಾರು ಸತ್ತಾರ? ನಾ ಸತ್ತೇನೇನು? ತಡಿ, ಒಳಗ ಹೋಗಿ ಮಾರಿ ತೋರಸ್ತೀನಿ."

ಬಾಗಿಲಿನ ಜವಾನ ಕೈ ಅಡ್ಡ ಹಿಡಿದ. "ಅಜ್ಜೀ, ಹೆಸರ ಕರದವರನ್ನಷ್ಟ ಬಿಡೂದು."

"ನಾ ಬದುಕೀನಿ ಅಂತ ಹೇಳಾಕೂ ಹೆಸರ ಕರೀಬೇಕೇನೋ ಬಾಡ್ಯಾ?"

ಜವಾನ ಒಳ್ಳೆಯವನು, ನೀರು ತಂದುಕೊಟ್ಟ. ಒಳಗೆ ಬಿಡಲಿಲ್ಲ.

ಒಳಗಿದ್ದವರ ಮೇಲೆ ನನಗೆ ಮೊದಲು ಸಿಟ್ಟು ಬಂತು. ಒಂದೇ ಕಥೆ ಮೂರು ಸಲ ಕೇಳಿದವರಿಗೆ ಸುಳ್ಳು ಗೊತ್ತಾಗಿತ್ತು. ಗೊತ್ತಾದ ಮೇಲೆ ಸುಳ್ಳು ಹೇಳಿದವರನ್ನು ಕೇಳಬೇಕಿತ್ತು. ಅವರು ಸಿಟ್ಟು ತೀರಿಸಿಕೊಂಡದ್ದು ನಿಜ ಹೇಳಬಂದವಳ ಮೇಲೆ. ಫಲಿತಾಂಶ ಬಂದಾಗ ನನ್ನ ಸಿಟ್ಟಿಗೆ ಕೂರಲು ಜಾಗವೇ ಸಾಲಲಿಲ್ಲ. ಸೀಟು ಸಿಕ್ಕಿದ್ದು ನಮ್ಮ ಓಣಿಯ ಹುಡುಗನಿಗೆ. ಮೊದಲು ಸತ್ತ ಅಜ್ಜಿಗಷ್ಟೇ ಅವರು ಮರುಗಿದ್ದರು. ಆ ಅಜ್ಜಿ ನಮ್ಮ ಮನೆಯ ಎದುರಿಗೇ ಇದ್ದಾಳೆ. ಮೊಮ್ಮಗನಿಗೆ ಸೀಟು ಸಿಕ್ಕಿತೆಂದು ತಾನೇ ಮನೆಮನೆಗೆ ಬಂದು ಪೇಢೆ ಹಂಚಿದಳು. ನಾನೂ ತಿಂದೆ. ಚೆನ್ನಾಗಿತ್ತು, ಅದೇ ನನ್ನ ಸಂಕಟ.

ನಂದಗಡದವಳು ಉದ್ಯಮಬಾಗದ ಸ್ಟೋರಿಗೆ ಸೇರಿದಳು. ಬೇರಿಂಗು, ಬೋಲ್ಟು, ಕೈಗವಸು ಕೊಡುವ ಕೆಲಸ. ಸರ್ ಅವಳ ಅಪ್ಪನಿಗೆ, "ಆತ್ಮವಿಶ್ವಾಸ ಕಮ್ಮಿ ಬಿತ್ರಿ," ಎಂದರು. ಮೊಲ ಕೊಂದವನು ಅದರ ಕಾಲು ಮೊದಲೇ ಮುರಿದಿತ್ತು ಎಂದ ಹಾಗೆ.

ಅಲ್ಲಿಗೆ ಮುಗಿದಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆನೇನೋ. ಹೊಸ ಬ್ಯಾಚು ಶುರುವಾಗುವ ಮೊದಲು ಸರ್ ನನ್ನನ್ನು ಕರೆದು ಕೂರಿಸಿಕೊಂಡರು.

"ಅಜ್ಜಿ ಹಳೀದಾತಪಾ. ಆ ಸಂಸ್ಥೆಯವರು ಮೂಗು ಮುರಿದ್ರಂತ. ಈ ಸಲ ಹೊಸಾದು ಬೇಕು. ಆ ನಂದಗಡದ ಹುಡುಗಿ ಹೇಳ್ತಿತ್ತಲ್ಲ, ದವಾಖಾನಿಯೊಳಗ ಮರಾಠಿ ಕನ್ನಡ ಮಾಡೂದು, ಆ ಎಮ್ಮಿ? ಭಾರಿ ಐತಿ ನೋಡು ಅದು. ಎಲ್ಲಾರಿಗೂ ಅದನ್ನ ಕಲಸು."

"ಬ್ಯಾಡ ಬ್ಯಾಡ ಬ್ಯಾಡ ಅಂದ್ರಲ್ರಿ ಅವತ್ತು. ಬೆಂಕಿ ಅಂದ್ರಿ."

"ಅವತ್ತು ಅಜ್ಜಿ ನಡೀತಿತ್ತು."

"ಸರ್, ಅದು ಆಕಿದೈತಿ."

"ಆಕಿ ಸ್ಟೋರ್‌ನ್ಯಾಗ ಕುಂತಾಳ. ಕಥಿ ಖಾಲಿ ಬಿದ್ದೈತಿ." ಬಾಡಿಗೆ ಮನೆ ಖಾಲಿ ಬಿದ್ದಿದೆ ಎಂದಷ್ಟೇ ಸಲೀಸಾಗಿ ಹೇಳಿದರು. ಆ ವಾಕ್ಯವನ್ನು ನಾನು ಇವತ್ತಿಗೂ ಅವರ ದನಿಯಲ್ಲೇ, ಅವರ ಗಂಟಲಿನ ಕೆರೆತದ ಸಮೇತ ಹೇಳಬಲ್ಲೆ. ಬೇಕಾದಾಗಲ್ಲ, ತಾನಾಗಿಯೇ ಬಾಯಿಗೆ ಬರುತ್ತದೆ.

ಬ್ಯಾಚು ಶುರುವಾಗುವ ಮುಂಚಿನ ಭಾನುವಾರ ಪಾಲಕರೆದುರು ಅಣಕು ಸಂದರ್ಶನ ತೋರಿಸುವ ಪದ್ಧತಿ. ಮಹಡಿ ತುಂಬಿತ್ತು. ಟಿಳಕವಾಡಿಯ ಒಬ್ಬ ಚುರುಕಿನ ಹುಡುಗನನ್ನು ಸರ್ ಮುಂದೆ ಕೂರಿಸಿದರು. ಖಾನಾಪುರದ ಆಸ್ಪತ್ರೆ ಯಾವ ರಸ್ತೆಯಲ್ಲಿದೆಯೆಂದೂ ಅವನಿಗೆ ತಿಳಿಯದು. ಆದರೂ ಗದ್ಗದಿತನಾಗಿ ಹೇಳಿದ: "ಅಲ್ಲಿಯ ಬಡ ಮಹಿಳೆಯರ ಮಾತನ್ನು ನಾನು ವೈದ್ಯರಿಗೆ ತಲುಪಿಸಿದೆ." ಚಪ್ಪಾಳೆ ಬಿತ್ತು. ಸರ್ ನನ್ನತ್ತ ಕಣ್ಣು ಮಿಟುಕಿಸಿದರು.

ಬಲಗಡೆಯ ನಿದ್ದೆಗಾರ ಅವತ್ತು ಎದ್ದ. "ಹಂಗಾರ ಮಾಡಿ ತೋರಸು," ಎಂದೆ. ಮೇಜಿನ ಹೊದಿಕೆ ಎಳೆದು ತಲೆಯ ಮೇಲೆ ಸೆರಗು ಹೊದ್ದೆ, ಬೆನ್ನು ಬಾಗಿಸಿ ಅವನೆದುರು ಕೂತೆ. ಕಾಡಿನಂಚಿನ ಹಳ್ಳಿಯ ಮುದುಕಿ.

ಹುಡುಗ ಗಾಬರಿಯಾಗಿ, ಬಾಯಿಪಾಠ ಮಾಡಿದ್ದ ರೋಗಿಯ ಪ್ರಶ್ನೆಗಳನ್ನೇ ಹರಕು ಮುರುಕು ಮರಾಠಿಯಲ್ಲಿ ಶುರುಮಾಡಿದ. ಜ್ವರ ಇದೆಯಾ? "ಹೋ," ಎಂದೆ. ಕೆಮ್ಮು? "ಹೋ." ಸಕ್ಕರೆ ಕಾಯಿಲೆ? "ಹೋ, ಹೋ." ಅವನಿಗೆ ಧೈರ್ಯ ಬಂತು. ಪಾಠದಲ್ಲಿ ಮುಂದಿದ್ದ ಪ್ರಶ್ನೆ ಬಸಿರಿನದು. ನಿಲ್ಲದೆ ಅದನ್ನೂ ಕೇಳಿಬಿಟ್ಟ. ಎಪ್ಪತ್ತು ದಾಟಿದ ಮುದುಕಿಯಾದ ನಾನು ನಾಚಿ, "ಹೋ," ಎಂದೆ.

ಮಹಡಿ ನಗೆಯಿಂದ ಅದುರಿತು. ನಾನು ಸೆರಗು ತೆಗೆದು, ಈ ಸಲ ಸರ್ ಆದೆ. ಗಂಟಲು ಕೆರೆದುಕೊಂಡೆ. "ಆಕಿ ಸ್ಟೋರ್‌ನ್ಯಾಗ ಕುಂತಾಳ. ಕಥಿ ಖಾಲಿ ಬಿದ್ದೈತಿ. ತಗೋರಿ, ಎಲ್ಲಾರೂ ತಗೋರಿ."

ನಗು ನಿಂತಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಖಾನಾಪುರದ ಕಡೆಯ ಪಾಲಕರೊಬ್ಬರು ಎದ್ದರು. "ಹಂಗಾರ ಖರೇ ಆ ಕೆಲಸಾ ಮಾಡಿದ ಹುಡುಗಿ ಯಾರ್ರಿ? ಆಕಿಗೆ ಸೀಟು ಸಿಕ್ಕಿತೇನು?"

"ಚಾ ಬಂತು, ಚಾ ಬಂತು, ಏಳ್ರಿ ಎಲ್ಲಾರೂ," ಎಂದರು ಸರ್. ಚಹಾ ಬಂದಿರಲಿಲ್ಲ.

ಜಿನೆಯ ಕೆಳಗೆ ಸರ್ ನನ್ನನ್ನು ಕೆಲಸದಿಂದ ಹೊರಹಾಕಿದರು. ಅದಕ್ಕೆ ಸಿಟ್ಟಿಲ್ಲ, ನಾನಾಗಿದ್ದರೂ ಹಾಕುತ್ತಿದ್ದೆ. ಸಿಟ್ಟು ಬಂದದ್ದು ಮೇಲಿನಿಂದ ಇಳಿದು ಬಂದವರನ್ನು ನೋಡಿ. ಎದ್ದು ನಿಂತು ಪ್ರಶ್ನೆ ಕೇಳಿದವರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಅವತ್ತೇ ಮಕ್ಕಳ ಹೆಸರು ಹಚ್ಚಿ ಬಂದಿದ್ದರು. ಒಬ್ಬರಂತೂ ನನ್ನ ಬೆನ್ನು ತಟ್ಟಿ, "ಭಾರಿ ನಗಿಸಿದಿ ನೋಡಪಾ," ಎಂದರು.

ಅವಳ ಕಾರ್ಖಾನೆಗೆ ವಾರದ ರಜೆ ಭಾನುವಾರವಲ್ಲ. ರಜೆಯ ದಿನ ಆಯಿಯ ಗುಳಿಗೆಗೆಂದು ಖಾನಾಪುರಕ್ಕೆ ಬರುತ್ತಾಳೆಂದು ಗೊತ್ತಿತ್ತು. ಬಸ್ಸು ಹತ್ತಿ ಹೋದೆ. ಆಸ್ಪತ್ರೆಯ ಕಟ್ಟೆಯ ಮೇಲೆ ಇಬ್ಬರೂ ಕೂತಿದ್ದರು. ನಡೆದದ್ದನ್ನೆಲ್ಲ ದನಿ ದನಿಯಾಗಿ ಮಾಡಿ ಹೇಳಿದೆ. ಆಯಿ ಕೈ ಬಡಿದು ನಕ್ಕಳು. ಹುಡುಗಿ ನಗಲಿಲ್ಲ.

"ಮಂದಿ ನಕ್ಕರೇನು?"

"ಬಿದ್ದ ಬಿದ್ದ ನಕ್ಕರು."

"ಯಾರನ್ನ ನೋಡಿ? ಆ ಹುಡುಗನ್ನೋ, ಆ ಮುದುಕಿನ್ನೋ?"

ಮುದುಕಿಯಾಗಿ ಬಾಗಿಸಿದ್ದ ಬೆನ್ನನ್ನು ನೆಟ್ಟಗೆ ಮಾಡಿದೆ.

"ಸರ್ ನನ್ನ ಮಾತು ತಗೊಂಡ್ರು. ನೀ ಆ ಹೆಣ್ಮಕ್ಕಳ 'ಹೋ' ತಗೊಂಡಿ," ಎಂದು ಬೇರೆ ಕಡೆ ಮುಖ ಮಾಡಿ ಕೂತಳು. ಆಮೇಲೆ ಸಿಟ್ಟು ಬಿಡದೆಯೇ, "ಮತ್ತ ಅರ್ಜಿ ಹಾಕೀನಿ," ಎಂದಳು. "ಈ ಸಲ ಗಂಟಿನ್ಯಾಗ ಅಲ್ಲ, ನಾನ ಬ್ಯಾರೆ ಕಳಿಸೀನಿ. ಅಪ್ಪ ರಜಾ ಕೇಳಿ ಕೊಡಸ್ತೀನಿ ಅಂದಾನ. ಆದರ ನಾ ಹೋಗೂದರಾಗ ನಿಮ್ಮ ಹುಡುಗರೆಲ್ಲಾ ನನ್ನ ಎಮ್ಮಿ ಹೊಡಕೊಂಡ ಹೋಗಿ ಮುಗಿಸಿರ್ತಾರ. ನಾ ಬಾಯಿ ತಗದರ 'ಎಮ್ಮೆ ಅಲ್ವಾಮ್ಮಾ' ಅಂತಾರ."

ನಿಜವನ್ನು ಒಂದು ಸಲ ಸುಳ್ಳು ಹೇಳುವವರು ಬಾಯಿಪಾಠ ಮಾಡಿದರೆ, ನಿಜ ಹೇಳುವವಳಿಗೆ ಉಳಿಯುವುದೇನು?

"ಕೇಳು ನನ್ನ," ಎಂದಳು. "ಖುರ್ಚಿ ಬ್ಯಾಡ, ಬೆಂಗಳೂರು ಬ್ಯಾಡ. ನೀನ ಕೇಳು."

ಗಂಟಲಿಗೆ ಸಾಹೇಬ ಬಂದ, ಮೇಡಂ ಬಂದಳು. ಇಬ್ಬರನ್ನೂ ನುಂಗಿದೆ. ಉಳಿದದ್ದು ಮಗ್ಗದ ಧೂಳು ಕುಡಿದ ಒಂದು ಬಡಕಲು ದನಿ, ನನಗೇ ಪರಿಚಯವಿಲ್ಲದ್ದು. "ಈ ಓದು ನಿನಗ್ಯಾಕ ಬೇಕು?" ಎಂದೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಆಯಿ ನಡುವೆ ಬಂದಳು. "ಅವ ಕೇಳೂದು ಇರಲಿ. ಈ ಸಲ ನಾ ಒಳಗ ಬರಾಕಿ. ಅರ್ಜಿಯೊಳಗ ನನ್ನ ಹೆಸರೂ ಹಾಕಿ ಕಳಸು. ಮತ್ತ ಆ ಟ್ರ್ಯಾಕ್ಟರ್‌ನ್ಯಾಗ ನನ್ನ ಹಾಕಿದವರಿಗೆ ಕೇಳ್ತೀನಿ, ಸಾಯೂ ಹೊತ್ತಿನ್ಯಾಗ ಒಂದ ಕಾರಾದರೂ ತರಬಾರದಿತ್ತ?"

"ಆಯೀ, ಸುಮ್ಮನಿರ!"

ಅಷ್ಟರಲ್ಲಿ ಒಳಗಿನಿಂದ ಡಾಕ್ಟರರ ದನಿ ಕೇಳಿತು, ಅಣಕಿಸಲು ಸುಲಭವಾದ ದಕ್ಷಿಣದ ದನಿ: "ಆ ನಂದಗಡದ ಹುಡುಗಿ ಬಂದಿದ್ದಾಳಾ ನೋಡ್ರೀ!"

ಅವಳು ಎದ್ದಳು. ನನ್ನ ಪ್ರಶ್ನೆ ಕಟ್ಟೆಯ ಮೇಲೆ ಉಳಿಯಿತು. ಬಾಗಿಲು ತೆರೆದೇ ಇತ್ತು. ಸ್ಟೂಲಿನ ಮೇಲೆ ಹಸಿರು ಸೀರೆಯ ಹೆಂಗಸೊಬ್ಬಳು ಎಲ್ಲದಕ್ಕೂ ತಲೆಯಾಡಿಸುತ್ತಾ ಕೂತಿದ್ದಳು. ಡಾಕ್ಟರರು ಪೆನ್ನು ಹಿಡಿದು ಕಾಯುತ್ತಿದ್ದರು. ಹುಡುಗಿ ಅವರ ಕಡೆ ನೋಡಲೂ ಇಲ್ಲ. ಸ್ಟೂಲಿನ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಆ ಹೆಂಗಸಿನ ಮೊಣಕಾಲ ಮೇಲೆ ಕೈಯಿಟ್ಟು, ಎಮ್ಮೆ ಹಿಂಡುವವರು ಯಾರೆಂದು ಮರಾಠಿಯಲ್ಲಿ ವಿಚಾರಿಸಿದಳು:

"ಮಾವಶೀ, ಮ್ಹಶೀಚಿ ಧಾರ್ ಕೋಣ್ ಕಾಢತೆ?"